ಹಳೆಯ ಟ್ರಾಕ್ಟರಿಗೆ ಹಳೆಯ ಲಾರಿ: ಆರಿಸುವ ಬಗೆ ಹೇಗೆ?

ನೆಲವನ್ನು ಉಳುವುದಕ್ಕಾಗಿ ಹುಟ್ಟಿದ ಯಂತ್ರವು ರಸ್ತೆಯ ಮೇಲೆ ದೂರ ಪ್ರಯಾಣ ಮಾಡುವುದಕ್ಕೆ ತಕ್ಕುದಲ್ಲ. ಟ್ರಾಕ್ಟರಿಗೆ ಬೇಕಾದದ್ದು ನಿಧಾನವಾಗಿ, ಆದರೆ ಬಲವಾಗಿ ಎಳೆಯುವ ಶಕ್ತಿ. ಅದರ ಹಿಂದಿನ ಚಕ್ರಗಳಿಗೆ ಸ್ಪ್ರಿಂಗುಗಳಿಲ್ಲ. ಟೈರುಗಳ ದಪ್ಪ ಹಲ್ಲುಗಳು ಕೆಸರನ್ನು ಕಚ್ಚಿಹಿಡಿಯಬಲ್ಲವೇ ಹೊರತು ಡಾಂಬರಿನ ಮೇಲೆ ವೃಥಾ ಸವೆಯುವುವು. ೧೯೪೬ರಿಂದ ೧೯೫೬ರ ವರೆಗೆ ಇಂಗ್ಲೆಂಡಿನಲ್ಲಿ ತಯಾರಾಗಿ ಜಗತ್ತಿನ ಮೂಲೆಮೂಲೆಗೂ ಹೋದ ಫರ್ಗುಸನ್ ಟಿಇ-೨೦ ಎಂಬ ಟ್ರಾಕ್ಟರಿನ ಅತ್ಯಧಿಕ ವೇಗ ಗಂಟೆಗೆ ಸುಮಾರು ೨೦ ಕಿಲೋಮೀಟರು ಮಾತ್ರ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ೬೦ ಕಿಲೋಮೀಟರು. ಎಲ್ಲಿಯೂ ನಿಲ್ಲದೆ ಹೋದರೂ ಮೂರು ಗಂಟೆ ಬೇಕು. ಅಷ್ಟು ಹೊತ್ತೂ ಮುದಿಯಂತ್ರದ ಕೀಲುಗಳೆಲ್ಲ ಕುಲುಕುತ್ತಿರುವುವು.

ಗುಂಡ್ಲುಪೇಟೆಯ ಅಥವಾ ಚಾಮರಾಜನಗರದ ಕಡೆಯ ಬೇಸಾಯಗಾರನೊಬ್ಬನ ಕೊಟ್ಟಿಗೆಯಲ್ಲಿ ತಂದೆಯ ಕಾಲದ ಟ್ರಾಕ್ಟರೊಂದು ಉಳಿದಿದೆಯೆಂದು ಭಾವಿಸೋಣ. ಅವನು ಅದನ್ನು ತೊಳೆದು, ಬಣ್ಣ ಬಳಿದು, ಎಂಜಿನನ್ನು ಮತ್ತೆ ಓಡುವಂತೆ ಮಾಡಿದ್ದಾನೆ. ಸುತ್ತೂರು ಜಾತ್ರೆಯ ಕೃಷಿಮೇಳಕ್ಕೋ ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಡೆಯುವ ಕೃಷಿಮೇಳಕ್ಕೋ ಒಯ್ದು ಹತ್ತು ಜನಕ್ಕೆ ತೋರಿಸಬೇಕೆಂಬುದು ಅವನ ಆಸೆ. ಬೆಂಗಳೂರಿಗೆ ಟ್ರಾಕ್ಟರನ್ನು ಓಡಿಸಿಕೊಂಡೇ ಹೋಗುವೆನೆಂದರೆ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟ್ ೧ರಿಂದ ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಚಾಮರಾಜನಗರಕ್ಕೆ ರೈಲುದಾರಿಯುಂಟು, ಗುಂಡ್ಲುಪೇಟೆಗೆ ಅದೂ ಇಲ್ಲ. ಆದುದರಿಂದ ಲಾರಿಯೇ ಗತಿ. ಹಳೆಯ ಟ್ರಾಕ್ಟರಿಗೆ ಹಳೆಯ ಲಾರಿಯೇ ಜೊತೆಯಾದರೆ ನೋಟಕ್ಕೂ ಚೆನ್ನ. ಹೊರೆಯೂ ಪ್ರದರ್ಶನದ ವಸ್ತು, ಹೊರುವುದೂ ಪ್ರದರ್ಶನದ ವಸ್ತು!

ಆದರೆ ಇಂಥ ಲಾರಿಯನ್ನು ಆರಿಸುವುದು ಹೇಗೆ? ಸಾಮಾನ್ಯವಾಗಿ ಎಲ್ಲರೂ ಕೇಳುವ ಪ್ರಶ್ನೆ, “ಇದು ಎಷ್ಟು ಟನ್ ಹೊರುತ್ತದೆ?” ಎಂಬುದು. ಆ ಪ್ರಶ್ನೆ ತಪ್ಪಲ್ಲ, ಆದರೆ ಮೊದಲನೆಯದಲ್ಲ. “ಹೊತ್ತದ್ದನ್ನು ಇದು ನಿಲ್ಲಿಸಬಲ್ಲುದೇ?” ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಅದೇಕೆಂಬುದನ್ನು ಭೌತಶಾಸ್ತ್ರದ ಸರಳ ನಿಯಮಗಳ ನೆರವಿನಿಂದ ನೋಡೋಣ.

ಹೊರೆಯ ಪರಿಚಯ

ನಮ್ಮ ದೇಶದಲ್ಲಿ ಟ್ರಾಕ್ಟರಿನ ತಯಾರಿಕೆ ಬೇರೂರಿದ್ದು ಸ್ವಾತಂತ್ರ್ಯ ಬಂದ ಮೇಲೆ. ೧೯೫೯ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಮೊದಲ ಟ್ರಾಕ್ಟರು ಹೊರಬಂದಿತು. ೧೯೬೦ರಲ್ಲಿ ಮದರಾಸಿನಲ್ಲಿ ಟ್ಯಾಫೆ ಸಂಸ್ಥೆ ಸ್ಥಾಪನೆಯಾಗಿ ಮ್ಯಾಸಿ ಫರ್ಗುಸನ್ ಮಾದರಿಗಳನ್ನು ತಯಾರಿಸತೊಡಗಿತು. ೧೯೬೩ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಟ್ರಾಕ್ಟರ್ ಕಂಪನಿಯಿಂದ ಬಿ-೨೭೫ ಮಾದರಿ ಬಂದಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆ ಹರಿಯಾಣದ ಪಿಂಜೋರಿನ ತನ್ನ ಕಾರ್ಖಾನೆಯಲ್ಲಿ ೧೯೭೧ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಜೆಟರ್ ೨೫೧೧ ಎಂಬುದನ್ನು ತಯಾರಿಸಿತು.

ಇವುಗಳ ತೂಕ ನಾವು ಊಹಿಸುವಷ್ಟು ಹೆಚ್ಚಲ್ಲ. ಟಿಇ-೨೦ ಸುಮಾರು ೧.೧ ಟನ್, ಬಿ-೨೭೫ ಮುಂತಾದುವು ಸುಮಾರು ೧.೭ ಅಥವಾ ೧.೮ ಟನ್. ಆದರೆ ಒಂದು ಎಚ್ಚರಿಕೆ: ಉಳುವಾಗ ಚಕ್ರ ಜಾರದಿರಲೆಂದು ಹಿಂದಿನ ಟೈರುಗಳಲ್ಲಿ ನೀರು ತುಂಬುವ ವಾಡಿಕೆಯುಂಟು. ಒಂದೊಂದು ಟೈರಿನಲ್ಲಿಯೂ ನೂರು ಕಿಲೋಗ್ರಾಮಿಗೂ ಮೀರಿದ ನೀರು ಇರಬಹುದು. ಪ್ರಯಾಣಕ್ಕೆ ಮೊದಲು ಅದನ್ನು ಹೊರಬಿಡುವುದು ಲೇಸು.

ತೂಕಕ್ಕಿಂತ ಮುಖ್ಯವಾದದ್ದು ಆ ತೂಕ ಎಲ್ಲಿದೆಯೆಂಬುದು. ಟ್ರಾಕ್ಟರಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಹಿಂದಿನ ಚಕ್ರಗಳ ಮೇಲೂ ಒಂದು ಪಾಲು ಮುಂದಿನ ಚಕ್ರಗಳ ಮೇಲೂ ಬೀಳುವುದು. ಆದುದರಿಂದ ಅದರ ಗುರುತ್ವಕೇಂದ್ರವು ಹಿಂದಿನ ಅಚ್ಚಿಗೆ ಸಮೀಪದಲ್ಲಿ, ನೆಲದಿಂದ ಸುಮಾರು ಮುಕ್ಕಾಲು ಮೀಟರು ಎತ್ತರದಲ್ಲಿರುವುದು. ಲಾರಿಯ ಹಲಗೆಯ ಹಾಸೇ ನೆಲದಿಂದ ೧.೨ ಮೀಟರು ಎತ್ತರದಲ್ಲಿದ್ದರೆ ಹೊರೆಯ ಗುರುತ್ವಕೇಂದ್ರ ಹೆಚ್ಚುಕಡಿಮೆ ಎರಡು ಮೀಟರಿಗೆ ಏರುವುದು. ಅಕ್ಕಿಯ ಮೂಟೆಗಳಂತೆ ಇದು ತಳಕ್ಕೆ ಅಂಟಿ ಕೂರುವ ಹೊರೆಯಲ್ಲ. ಗಾಳಿ ತುಂಬಿದ ನಾಲ್ಕು ಚಕ್ರಗಳ ಮೇಲೆ ಕುಣಿಯುತ್ತ ನಿಂತಿರುವ ಹೊರೆ.

ಲಾರಿಗಳ ವಂಶಾವಳಿ

ಹಳೆಯ ಲಾರಿಗಳೆಂದರೆ ನಮ್ಮಲ್ಲಿ ಮುಖ್ಯವಾಗಿ ನಾಲ್ಕು ಮನೆತನಗಳು. ಟಾಟಾ ಸಂಸ್ಥೆಯು ೧೯೫೪ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಮೂಗಿನ ಮೇಲೆ ಮೂರು ಮೊನೆಯ ನಕ್ಷತ್ರವಿದ್ದ ಆ ಲಾರಿಗಳನ್ನು ಜನ ಬಹುಕಾಲ ‘ಬೆಂಜ್ ಲಾರಿ’ ಎಂದೇ ಕರೆದರು. ೧೯೬೯ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರದ ಜಾಗದಲ್ಲಿ ಟಾಟಾ ಲಾಂಛನ ಬಂದಿತು. ಎರಡನೆಯದು, ಮದರಾಸಿನ ಎಣ್ಣೂರಿನಲ್ಲಿ ೧೯೪೮ರಲ್ಲಿ ಹುಟ್ಟಿ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರಾದ ಸಂಸ್ಥೆ. ಇದರ ಕಾಮೆಟ್ ಲಾರಿ ದಕ್ಷಿಣದ ರಸ್ತೆಗಳಲ್ಲಿ ಚಿರಪರಿಚಿತ. ಮೂರನೆಯದು ಕಲ್ಕತ್ತೆಯ ಬಳಿಯ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಬೆಡ್‌ಫರ್ಡ್. ನಾಲ್ಕನೆಯದು ಬೊಂಬಾಯಿಯ ಪ್ರೀಮಿಯರ್ ಸಂಸ್ಥೆಯ ಡಾಜ್ ಮತ್ತು ಫಾರ್ಗೊ.

ಈ ಮನೆತನಗಳಲ್ಲಿ ಯಾವುದು ಮೇಲು? ನೋಟದಲ್ಲಿ ಬೆಡ್‌ಫರ್ಡ್, ಫಾರ್ಗೊಗಳು ಅಪರೂಪವಾದುವು. ಆ ಕಾರಣಕ್ಕೇ ಆಕರ್ಷಕ. ಆದರೆ ಅಪರೂಪದ ಲಾರಿಗೆ ಬಿಡಿಭಾಗಗಳೂ ಅಪರೂಪ. ಬ್ರೇಕಿನ ಒಂದು ರಬ್ಬರ್ ಬಟ್ಟಲು ಹರಿದರೆ ತಿಂಗಳುಗಟ್ಟಲೆ ಹುಡುಕಬೇಕಾದೀತು. ಹುಡುಕಲಾರದವನು ಹರಿದದ್ದನ್ನೇ ಹಾಕಿಕೊಂಡು ಹೊರಟಾನು. ಟಾಟಾ, ಲೇಲ್ಯಾಂಡ್ ವಂಶಗಳು ಇಂದಿಗೂ ಬಾಳುತ್ತಿರುವುದರಿಂದ ಹೊಂದಿಕೊಳ್ಳುವ ಭಾಗಗಳು ದೊರೆಯುವ ಸಂಭವ ಹೆಚ್ಚು. ಅವನ್ನು ಬಲ್ಲ ಮೆಕ್ಯಾನಿಕ್ಕುಗಳೂ ಹೆಚ್ಚು. ಪ್ರಯಾಣಕ್ಕೆಂದು ಕೊಳ್ಳುವವನಿಗೆ ಇದೊಂದು ತೂಕದ ಕಾರಣ.

ಗಾತ್ರದ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ಏಳೆಂಟು ಟನ್ ಹೊರಲೆಂದು ಕಟ್ಟಿದ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಎರಡು ಟನ್ ಹೊರೆಗೆ ಬಾಗುವುದೇ ಇಲ್ಲವೆನ್ನಬಹುದು. ಬಾಗದ ಸ್ಪ್ರಿಂಗು ಕುಲುಕನ್ನು ನುಂಗದು; ರಸ್ತೆಯ ಪ್ರತಿ ಗುಂಡಿಯ ಏಟೂ ನೇರವಾಗಿ ಟ್ರಾಕ್ಟರಿಗೆ ತಗಲುವುದು. ದೊಡ್ಡ ಲಾರಿಯೆಂದರೆ ಸುರಕ್ಷಿತವೆಂಬುದು ಪೂರ್ಣ ಸತ್ಯವಲ್ಲ. ಹೊರೆಗೆ ತಕ್ಕ ಮಧ್ಯಮ ಗಾತ್ರದ ಲಾರಿಯೇ ಹೊರೆಯನ್ನು ಮೆತ್ತಗೆ ಒಯ್ಯುವುದು.

ಸನ್ನೆಕೋಲಿನ ಲೆಕ್ಕ

ಲಾರಿಯ ಮೇಲೆ ಟ್ರಾಕ್ಟರನ್ನು ಎಲ್ಲಿ ನಿಲ್ಲಿಸಬೇಕು? ಇದಕ್ಕೆ ಉತ್ತರ ಪ್ರೌಢಶಾಲೆಯಲ್ಲಿ ಕಲಿತ ಸನ್ನೆಕೋಲಿನ ನಿಯಮದಲ್ಲಿದೆ. ಲಾರಿಯ ಎರಡು ಅಚ್ಚುಗಳ ನಡುವಣ ದೂರ ೪.೨ ಮೀಟರು, ಟ್ರಾಕ್ಟರಿನ ತೂಕ ೧,೮೦೦ ಕಿಲೋಗ್ರಾಂ ಎಂದು ಇಟ್ಟುಕೊಳ್ಳೋಣ.

ಟ್ರಾಕ್ಟರಿನ ಗುರುತ್ವಕೇಂದ್ರವು ಲಾರಿಯ ಹಿಂದಿನ ಅಚ್ಚಿನಿಂದ ಒಂದು ಮೀಟರು ಮುಂದಕ್ಕೆ ಇರುವಂತೆ ನಿಲ್ಲಿಸಿದರೆ ಮುಂದಿನ ಅಚ್ಚಿನ ಪಾಲು ೧,೮೦೦ × ೧ ÷ ೪.೨, ಎಂದರೆ ಸುಮಾರು ೪೩೦ ಕಿಲೋಗ್ರಾಂ. ಉಳಿದ ೧,೩೭೦ ಕಿಲೋಗ್ರಾಂ ಹಿಂದಿನ ಅಚ್ಚಿಗೆ. ಎರಡೂ ಅಚ್ಚುಗಳು ಹೊರೆಯನ್ನು ಹಂಚಿಕೊಂಡುವು.

ಅದೇ ಟ್ರಾಕ್ಟರನ್ನು ಹಿಂದಿನ ಅಚ್ಚಿನಿಂದ ಒಂದು ಮೀಟರು ಹಿಂದಕ್ಕೆ ನಿಲ್ಲಿಸಿದೆವೆನ್ನಿ. ಈಗ ಹಿಂದಿನ ಅಚ್ಚೇ ಸನ್ನೆಕೋಲಿನ ಆನಿಕೆಯಾಗುವುದು. ಹಿಂದಿನ ಅಚ್ಚಿನ ಮೇಲೆ ೨,೨೩೦ ಕಿಲೋಗ್ರಾಂ ಬೀಳುವುದು. ಮುಂದಿನ ಅಚ್ಚು ಮೊದಲಿಗಿಂತ ೪೩೦ ಕಿಲೋಗ್ರಾಂ ಹಗುರವಾಗುವುದು! ತೊಟ್ಟಿಲಾಟದ ಹಲಗೆಯ ಒಂದು ತುದಿಯಲ್ಲಿ ಕುಳಿತಾಗ ಇನ್ನೊಂದು ತುದಿ ಮೇಲೇಳುವಂತೆಯೇ ಇದು. ಮುಂದಿನ ಚಕ್ರಗಳು ನೆಲವನ್ನು ಬಿಗಿಯಾಗಿ ಒತ್ತದಿದ್ದರೆ ಸ್ಟೀರಿಂಗ್ ಚಕ್ರವನ್ನು ತಿರುಗಿಸಿದರೂ ಲಾರಿ ತಕ್ಕಂತೆ ತಿರುಗದು. ಬ್ರೇಕು ಹಾಕಿದಾಗ ಮುಂದಿನ ಚಕ್ರಗಳು ಬೇಗನೆ ಜಾರುವುವು. ತೂಕ ಅದೇ, ಲಾರಿ ಅದೇ. ನಿಲ್ಲಿಸಿದ ಜಾಗವೊಂದೇ ಬೇರೆ.

ಈ ಲೆಕ್ಕದಿಂದ ಲಾರಿಯ ಆಯ್ಕೆಗೊಂದು ನಿಯಮ ದೊರೆಯಿತು. ಹಿಂದಿನ ಅಚ್ಚಿನ ಮುಂದಕ್ಕೆ, ಚಾಲಕನ ಕೋಣೆಯ ಹಿಂದೆ, ಟ್ರಾಕ್ಟರು ನಿಲ್ಲುವಷ್ಟು ಜಾಗವಿರುವ ಲಾರಿಯನ್ನೇ ಆರಿಸಬೇಕು. ಟ್ರಾಕ್ಟರಿನ ಉದ್ದ ಸುಮಾರು ಮೂರು ಮೀಟರು. ಒಂದೇ ಲಾರಿಯಲ್ಲಿ ಎರಡನ್ನು ಒಯ್ಯುವ ಆಸೆ ಬೇಡ. ಎರಡನೆಯದು ಅಚ್ಚಿನ ಹಿಂದಕ್ಕೆ ಜೋಲುವುದು.

ಏರಿಸುವ ಅಪಾಯ

ಪ್ರಯಾಣದಲ್ಲಿ ಎಷ್ಟೋ ಅಪಾಯಗಳು ಲಾರಿ ಹೊರಡುವ ಮೊದಲೇ ಕಾದಿರುವುವು. ೧.೨ ಮೀಟರು ಎತ್ತರದ ಹಾಸಿಗೆ ಮೂರು ಮೀಟರು ಉದ್ದದ ಹಲಗೆಗಳನ್ನು ಒರಗಿಸಿದರೆ ಇಳಿಜಾರಿನ ಕೋನ ಸುಮಾರು ೨೪ ಡಿಗ್ರಿ. ಐದು ಮೀಟರಿನ ಹಲಗೆಗಳಾದರೆ ಅದು ೧೪ ಡಿಗ್ರಿಗೆ ಇಳಿಯುವುದು. ಟ್ರಾಕ್ಟರನ್ನು ಮುಂದುಮುಖವಾಗಿ ಕಡಿದಾದ ಹಲಗೆಯ ಮೇಲೆ ಓಡಿಸಿದಾಗ ಎಂಜಿನಿನ ಬಲವು ಹಿಂದಿನ ಚಕ್ರಗಳನ್ನು ಮುಂದಕ್ಕೆ ತಿರುಗಿಸಲು ಯತ್ನಿಸುವುದು. ಕ್ರಿಯೆಗೆ ಪ್ರತಿಕ್ರಿಯೆ ಇದ್ದೇ ಇದೆ. ಚಕ್ರ ತಡೆದರೆ ಟ್ರಾಕ್ಟರಿನ ಮೈಯೇ ಹಿಂದಿನ ಅಚ್ಚಿನ ಸುತ್ತ ಮೇಲಕ್ಕೆದ್ದು ಹಿಮ್ಮುಖವಾಗಿ ಮಗುಚುವುದು. ಚಾಲಕ ಕುಳಿತಿರುವುದು ಆ ಅಚ್ಚಿನ ಮೇಲೆಯೇ ಎಂಬುದನ್ನು ನೆನೆದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹಿಮ್ಮುಖವಾಗಿ ಏರಿಸಿದರೆ ಈ ಪ್ರತಿಕ್ರಿಯೆಯ ದಿಕ್ಕು ಬದಲಾಗಿ ಮುಂದಿನ ಚಕ್ರಗಳನ್ನು ಹಲಗೆಗೆ ಒತ್ತುವುದು. ಜೊತೆಗೆ ಭಾರವಾದ ಹಿಂಭಾಗ ಚಾಲಕನ ಕೋಣೆಯ ಕಡೆಗೆ ಬಂದು, ಮೇಲೆ ಹೇಳಿದ ಸನ್ನೆಕೋಲಿನ ಲೆಕ್ಕಕ್ಕೂ ಅನುಕೂಲವಾಗುವುದು. ಇದಕ್ಕಿಂತಲೂ ಮೇಲಾದುದು ಎಂಜಿನನ್ನು ಓಡಿಸದೆ ಕೈರಾಟೆಯಿಂದ ಮೆಲ್ಲಗೆ ಎಳೆದುಕೊಳ್ಳುವುದು. ಅಥವಾ ಲಾರಿಯನ್ನು ಮಣ್ಣಿನ ದಿಣ್ಣೆಗೆ ಹಿಮ್ಮೆಟ್ಟಿಸಿ ನಿಲ್ಲಿಸಿ, ಹಾಸೂ ದಿಣ್ಣೆಯೂ ಸಮವಾದಾಗ ತಳ್ಳಿಕೊಳ್ಳುವುದು. ಹಾಸು ತಗ್ಗಾಗಿರುವ ಲಾರಿ ಈ ಎಲ್ಲ ದೃಷ್ಟಿಯಿಂದಲೂ ಉತ್ತಮ.

ಏರಿದ ಮೇಲೆ ಬಿಗಿಯುವ ಕೆಲಸ. ಗಟ್ಟಿಯಾಗಿ ಬ್ರೇಕು ಹಾಕಿದಾಗ ವೇಗ ತಗ್ಗುವ ದರವು ಗುರುತ್ವದ ವೇಗೋತ್ಕರ್ಷದ ಅರ್ಧದಷ್ಟಾದರೆ, ೧,೮೦೦ ಕಿಲೋಗ್ರಾಮಿನ ಟ್ರಾಕ್ಟರು ೯೦೦ ಕಿಲೋಗ್ರಾಮಿನ ಭಾರಕ್ಕೆ ಸಮನಾದ ಬಲದಿಂದ ಮುಂದಕ್ಕೆ ನುಗ್ಗಲೆಳಸುವುದು. ಗೋಣಿಯ ಹಗ್ಗ ಇದಕ್ಕೆ ಸಾಲದು. ನಾಲ್ಕು ಮೂಲೆಗಳಿಂದಲೂ ಸರಪಣಿಗಳನ್ನು ಓರೆಯಾಗಿ ಬಿಗಿದು, ಅವನ್ನು ಮಡ್‌ಗಾರ್ಡಿಗಲ್ಲ, ಅಚ್ಚಿಗೆ ಕಟ್ಟಬೇಕು. ಸರಪಣಿಯ ಇನ್ನೊಂದು ತುದಿ ಪಕ್ಕದ ಮರದ ಪಟ್ಟಿಗಳಿಗಲ್ಲ, ಲಾರಿಯ ಉಕ್ಕಿನ ಚೌಕಟ್ಟಿಗೆ ಸೇರಬೇಕು. ಚಕ್ರಗಳಿಗೆ ಮರದ ತಡೆಗಳನ್ನು ಕೊಟ್ಟು, ಗೇರಿನಲ್ಲಿಟ್ಟು, ಇಂಧನದ ನಲ್ಲಿಯನ್ನು ಮುಚ್ಚಿದರೆ ಸಿದ್ಧತೆ ಮುಗಿಯಿತು.

ಇಳಿಜಾರಿನಲ್ಲಿ ಏನಾಗುವುದು?

ಈಗ ಮೊದಲ ಪ್ರಶ್ನೆಗೆ ಬರೋಣ. ಗುಂಡ್ಲುಪೇಟೆಯಿಂದ ಬೇಗೂರು, ನಂಜನಗೂಡುಗಳ ಮೂಲಕ ಮೈಸೂರಿಗೆ ಹೋಗುವ ದಾರಿಯೂ ಚಾಮರಾಜನಗರದಿಂದ ನಂಜನಗೂಡಿಗೆ ಬರುವ ದಾರಿಯೂ ಕಡಿದಾದ ಏರಿಳಿತಗಳಿಲ್ಲದವು. ಆದರೆ ಈ ಎರಡು ಊರುಗಳಿಂದ ಬೇರೆ ದಿಕ್ಕಿಗೆ ಹೊರಟರೆ ಘಟ್ಟಗಳು ಎದುರಾಗುವುವು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ ೨೭ ತೀವ್ರ ತಿರುವುಗಳು. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿಗಳ ಮೂಲಕ ಉದಕಮಂಡಲಕ್ಕೆ ಏರುವ ಕಲ್ಲಹಟ್ಟಿ ಘಾಟಿಯಲ್ಲಿ ೩೬. ಕಲ್ಲಿಕೋಟೆಯ ಕಡೆಗೆ ಹೋದರೆ ವಯನಾಡನ್ನು ದಾಟಿದ ಮೇಲೆ ತಾಮರಶ್ಶೇರಿ ಘಾಟಿ.

ಲಾರಿ ೪.೨ ಟನ್, ಟ್ರಾಕ್ಟರು ೧.೮ ಟನ್, ಒಟ್ಟು ಆರು ಟನ್. ಇದು ಘಟ್ಟದಲ್ಲಿ ೩೦೦ ಮೀಟರು ಕೆಳಗಿಳಿಯಿತೆನ್ನೋಣ. ಎತ್ತರದಿಂದಾಗಿ ಅಡಗಿದ್ದ ಶಕ್ತಿ ೬,೦೦೦ × ೯.೮ × ೩೦೦, ಎಂದರೆ ಸುಮಾರು ೧೭೬ ಲಕ್ಷ ಜೂಲುಗಳು. ವೇಗ ಹೆಚ್ಚದಂತೆ ಇಳಿಯಬೇಕಾದರೆ ಈ ಶಕ್ತಿಯೆಲ್ಲ ಶಾಖವಾಗಿ ಹೊರಹೋಗಲೇಬೇಕು. ೨೫ ಡಿಗ್ರಿ ಸೆಂಟಿಗ್ರೇಡಿನ ೫೬ ಲೀಟರು ನೀರನ್ನು ಕುದಿಬಿಂದುವಿಗೆ ತರಲು ಇಷ್ಟು ಶಾಖ ಸಾಕು. ಇನ್ನೊಂದು ರೀತಿ ಹೇಳುವುದಾದರೆ, ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿರುವ ಅದೇ ಲಾರಿಯನ್ನು ಸುಮಾರು ೪೮ ಸಲ ಪೂರ್ತಿಯಾಗಿ ನಿಲ್ಲಿಸುವಷ್ಟು ಕೆಲಸವಿದು.

ಈ ಶಾಖವನ್ನು ಬ್ರೇಕುಗಳೇ ನುಂಗಬೇಕಾದರೆ ಏನಾದೀತು? ನಾಲ್ಕು ಬ್ರೇಕ್ ಡ್ರಮ್ಮುಗಳು ಒಟ್ಟು ೧೨೦ ಕಿಲೋಗ್ರಾಂ ತೂಗುವುವೆಂದೂ ದಾರಿಯಲ್ಲಿ ಗಾಳಿಗೆ ಆರಲಿಲ್ಲವೆಂದೂ ಎಣಿಸಿದರೆ ಅವುಗಳ ಉಷ್ಣತೆ ೩೦೦ ಡಿಗ್ರಿಗೂ ಹೆಚ್ಚಾಗಿ ಏರುವುದು. ಗಾಳಿಯಿಂದ ಒಂದಷ್ಟು ತಂಪಾಗುವುದು ನಿಜ. ಆದರೂ ಕಾದ ಡ್ರಮ್ಮು ಹಿಗ್ಗಿ ಒಳಗಿನ ಬ್ರೇಕ್ ಪಟ್ಟಿಯಿಂದ ದೂರ ಸರಿಯುವುದು. ಪಟ್ಟಿಯ ಘರ್ಷಣೆ ಕುಗ್ಗುವುದು. ಬ್ರೇಕಿನ ಎಣ್ಣೆ ಹಳೆಯದಾಗಿ ತೇವವನ್ನು ಹೀರಿದ್ದರೆ ಇನ್ನೊಂದು ವಿಪತ್ತು: ಸಾಮಾನ್ಯ ದರ್ಜೆಯ ಹೊಸ ಎಣ್ಣೆ ೨೦೫ ಡಿಗ್ರಿಯ ವರೆಗೆ ಕುದಿಯದಿದ್ದರೆ, ತೇವ ಸೇರಿದ ಎಣ್ಣೆ ೧೪೦ ಡಿಗ್ರಿಯ ಸುಮಾರಿಗೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆಗಳೇಳುವುವು. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಚಾಲಕನ ಕಾಲು ಪೆಡಲನ್ನು ತಳಕ್ಕೆ ಮುಟ್ಟಿಸಿದರೂ ಚಕ್ರ ತಡೆಯದು.

ಹೊಸ ಲಾರಿಗಳಲ್ಲಿ ಬ್ರೇಕಿನ ವ್ಯವಸ್ಥೆ ಎರಡು ಬೇರೆ ಬೇರೆ ಸುತ್ತುಗಳಾಗಿ ಒಡೆದಿದೆ. ಒಂದು ಕೆಟ್ಟರೂ ಇನ್ನೊಂದು ಕಾಯುವುದು. ಹಳೆಯ ಎಣ್ಣೆಬ್ರೇಕಿನ ಲಾರಿಗಳಲ್ಲಿ ಅನೇಕಕ್ಕೆ ಇರುವುದು ಒಂದೇ ಸುತ್ತು. ಒಂದು ಚಕ್ರದ ಬಳಿ ಸೋರಿದರೆ ನಾಲ್ಕು ಚಕ್ರಗಳೂ ನಿರಾಧಾರ. ಇದಕ್ಕೆ ಪರಿಹಾರ ಎಂಜಿನಿನಲ್ಲೇ ಇದೆ. ಏರಲು ಯಾವ ಗೇರು ಬೇಕೋ ಅದಕ್ಕಿಂತ ಮೇಲಿನ ಗೇರಿನಲ್ಲಿ ಇಳಿಯಬಾರದೆಂಬುದು ಚಾಲಕರ ಹಳೆಯ ನಾಣ್ಣುಡಿಯಂಥ ನಿಯಮ. ಕೆಳಗೇರಿನಲ್ಲಿ ಎಂಜಿನೇ ಚಕ್ರಗಳನ್ನು ಹಿಡಿದು ಶಾಖವನ್ನು ತಾನು ಹೊರಹಾಕುವುದು. ಆದುದರಿಂದ ಕೆಳಗೇರು ತಾನಾಗಿ ಕಳಚಿಕೊಳ್ಳುವ ಲಾರಿಯನ್ನು, ಎಷ್ಟೇ ಹೊಳೆಯುವ ಬಣ್ಣವಿದ್ದರೂ, ಕೊಳ್ಳಬಾರದು.

ತಿರುವುಗಳಲ್ಲಿಯೂ ವೇಗವೇ ಶತ್ರು. ೧೫ ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ೨೦ ಕಿಲೋಮೀಟರಿನಂತೆ ಹೋದರೆ ಹೊರೆಯನ್ನು ಪಕ್ಕಕ್ಕೆ ತಳ್ಳುವ ಬಲ ಅದರ ತೂಕದ ಐದನೆಯ ಒಂದು ಪಾಲು. ೩೦ ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು. ವೇಗ ಒಂದೂವರೆಯಷ್ಟಾದಾಗ ಬಲ ಎರಡೂಕಾಲಿನಷ್ಟಾಯಿತು.

ಕೊಳ್ಳುವ ಮೊದಲು ಪರೀಕ್ಷೆ

ಕುಂಬಾರನ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವಂತೆ ಲಾರಿಯನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬಹುದು. ಬಿಗಿಯಾದ ರಿವೆಟ್ಟು, ಒಡೆಯದ ಸ್ಪ್ರಿಂಗ್ ಪಟ್ಟಿಗಳು ಠಣ್ಣೆನ್ನುವುವು. ಸಡಿಲವಾದುದು, ಬಿರುಕುಬಿಟ್ಟುದು ಮೊದ್ದು ದನಿ ಕೊಡುವುದು. ಚೌಕಟ್ಟಿನಲ್ಲಿ ಎರಡು ತಗಡುಗಳು ಸೇರುವ ಸಂದಿನಲ್ಲಿ ತುಕ್ಕು ಅಡಗಿರುವುದು. ಹೊಸ ಬಣ್ಣದ ಕೆಳಗೆ ಹಳೆಯ ಬೆಸುಗೆ ಇದೆಯೇ ಎಂದು ನೋಡಬೇಕು. ಮುಂದಿನ ಚಕ್ರವನ್ನೆತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಆಟ ಹೆಚ್ಚಿದ್ದರೆ ಕಿಂಗ್‌ಪಿನ್ನು ಸವೆದಿದೆಯೆಂದು ಅರ್ಥ. ಟೈರಿನ ಹಲ್ಲು ಉಳಿದಿದ್ದರೂ ಪಕ್ಕದಲ್ಲಿ ಬಿರುಕುಗಳಿದ್ದರೆ ಅದು ಮುದಿಟೈರು. ಕೊನೆಯದಾಗಿ, ಬ್ರೇಕನ್ನು ತಣ್ಣಗಿರುವಾಗ ಮಾತ್ರವಲ್ಲ, ಹತ್ತು ಹದಿನೈದು ಸಲ ಒತ್ತಿ ಬಿಸಿಯಾದ ಮೇಲೂ, ವಾಹನಸಂಚಾರವಿಲ್ಲದ ಬಯಲಿನಲ್ಲಿ, ಪರೀಕ್ಷಿಸಬೇಕು.

ಕಾಯಿದೆಯ ಮಾತು

೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ ೫೦ ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ‘ವಿ.ಎ.’ ಎಂಬ ಅಕ್ಷರಗಳಿರುವ ಅಂಕಫಲಕ ದೊರೆಯುವುದು. ಆದರೆ ಈ ವ್ಯವಸ್ಥೆ ಇರುವುದು ವಾಣಿಜ್ಯಕ್ಕೆ ಬಳಸದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ಸಂಶೋಧನೆ, ರ‍್ಯಾಲಿ, ದುರಸ್ತಿಗಳಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನಬಳಕೆಗೂ ಬಾಡಿಗೆಗೂ ಅವಕಾಶವಿಲ್ಲ. ಹೊರೆ ಹೊರಬೇಕಾದ ಲಾರಿ ಸರಕುವಾಹನವಾಗಿಯೇ ಇರಬೇಕು. ಎಂಟು ವರ್ಷ ದಾಟಿದ ಸರಕುವಾಹನ ಪ್ರತಿವರ್ಷವೂ ಅರ್ಹತಾಪತ್ರವನ್ನು ಪಡೆಯಬೇಕು. ಇದನ್ನು ಕಿರುಕುಳವೆಂದು ಭಾವಿಸಬೇಕಾಗಿಲ್ಲ. ವರ್ಷಕ್ಕೊಮ್ಮೆ ಬ್ರೇಕಿನ ಸ್ಥಿತಿಯನ್ನು ಬೇರೊಬ್ಬರು ನೋಡುವರೆಂಬುದು ಲಾಭವೇ. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗ್ಗೆ ೬ರ ವರೆಗೆ ಸಂಚಾರಕ್ಕೆ ೨೦೦೯ರಿಂದ ನಿರ್ಬಂಧವಿರುವುದನ್ನೂ ಪ್ರಯಾಣದ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು.

ಹಾಗಾದರೆ ಯಾವ ಲಾರಿ?

ನಮ್ಮ ಬೇಸಾಯಗಾರನ ಮುಂದೆ ಮೂರು ದಾರಿಗಳಿವೆ. ಐವತ್ತು ಅರುವತ್ತು ವರ್ಷದ ಬೆಂಜ್ ಅಥವಾ ಕಾಮೆಟ್ ಲಾರಿ ಮೊದಲನೆಯದು. ನೋಟಕ್ಕೆ ಇದಕ್ಕೆ ಸಾಟಿಯಿಲ್ಲ. ಅರ್ಹತಾಪತ್ರ ಪಡೆದ, ಬ್ರೇಕುಗಳನ್ನು ಪೂರ್ತಿಯಾಗಿ ಹೊಸದು ಮಾಡಿದ ಇಂಥ ಲಾರಿಯಲ್ಲಿ ಒಂದೇ ಟ್ರಾಕ್ಟರನ್ನು ಹೇರಿ, ಹಗಲಿನಲ್ಲಿ, ನಿಧಾನವಾಗಿ ಸುತ್ತೂರಿಗೋ ಮೈಸೂರಿಗೋ ಹೋಗಿಬರಬಹುದು. ಘಟ್ಟ ಇಳಿಯುವುದಕ್ಕೆ ಅದು ಬೇಡ. ೧೯೮೬ರಲ್ಲಿ ಬಂದ ಟಾಟಾ ೪೦೭ರಂಥ ಚಿಕ್ಕ ಲಾರಿ ಎರಡನೆಯದು. ಅದು ಇನ್ನೂ ಪುರಾತನವಲ್ಲ. ಆದರೆ ಹಾಸು ತಗ್ಗು, ಸ್ಪ್ರಿಂಗು ಹೊರೆಗೆ ತಕ್ಕದ್ದು, ಭಾಗಗಳು ಸುಲಭ. ಟಿಇ-೨೦ರಂಥ ಹಗುರವಾದ ಟ್ರಾಕ್ಟರಿಗೆ ಇದು ಯೋಗ್ಯ. ಭಾರವಾದುದಕ್ಕೆ ಲಾರಿಯ ನೋಂದಣಿಪತ್ರದಲ್ಲಿರುವ ತೂಕದ ಮಿತಿಯನ್ನು ನೋಡಿಯೇ ತೀರ್ಮಾನಿಸಬೇಕು. ಬೆಂಗಳೂರಿನಂಥ ದೂರಕ್ಕೆ ಅಥವಾ ಘಟ್ಟದ ದಾರಿಗೆ ಮೂರನೆಯದೇ ಸರಿ: ಹಳೆಯ ಟ್ರಾಕ್ಟರನ್ನು ಇಂದಿನ ತಗ್ಗುಹಾಸಿನ ವಾಹನದ ಮೇಲೆ ಕಳುಹಿಸುವುದು.

ಹಳೆಯ ಯಂತ್ರಗಳ ಮೇಲಣ ಮಮತೆ ಒಳ್ಳೆಯದು. ನಮ್ಮ ಹೊಲಗಳೂ ರಸ್ತೆಗಳೂ ಹೇಗೆ ಬದಲಾದುವೆಂಬುದನ್ನು ಅವು ಪುಸ್ತಕಕ್ಕಿಂತ ಚೆನ್ನಾಗಿ ಹೇಳಬಲ್ಲವು. ಆದರೆ ಗುರುತ್ವಕ್ಕೆ ಹಳತು ಹೊಸತೆಂಬ ಭೇದವಿಲ್ಲ. ಆರು ಟನ್ನಿನ ಲಾರಿ ಘಟ್ಟವನ್ನಿಳಿಯುವಾಗ ಅದು ಪ್ರತಿ ಜೂಲನ್ನೂ ಲೆಕ್ಕ ಕೇಳುವುದು. ಆ ಲೆಕ್ಕವನ್ನು ಮನೆಯಲ್ಲಿಯೇ ಕಾಗದದ ಮೇಲೆ ಒಪ್ಪಿಸಿ ಹೊರಟವನ ಟ್ರಾಕ್ಟರು ಪ್ರದರ್ಶನವನ್ನು ಮುಟ್ಟಿ, ಸುರಕ್ಷಿತವಾಗಿ ಕೊಟ್ಟಿಗೆಗೂ ಮರಳುವುದು.